ಹರಿಗೋಲಿಗೆ ಕಚ್ಚಿದ ಮೋಟಾರು

ಕಳೆದ ವಾರ ಘೋಡಗೇರಿಯ ಹೊಳೆದಂಡೆಯಲ್ಲಿ ಒಬ್ಬ ವ್ಯಾಪಾರಿ ತನ್ನ ಸರಕನ್ನು ಕೊಳ್ಳಲು ಬಂದ ಗಿರಾಕಿಗೆ ‘ನಿಮಗೆ ಕೊಡುವುದಿಲ್ಲ’ ಎಂದ.

ಗಿರಾಕಿ ಉದ್ರಿ ಕೇಳಿರಲಿಲ್ಲ. ಚೌಕಾಶಿ ಮಾಡಿರಲಿಲ್ಲ. ಸರಕಿನಲ್ಲಿ ಕೊಂಕು ತೆಗೆದಿರಲಿಲ್ಲ. ಆ ಸರಕು ಅವರಿಗೆ ಬಹಳ ಸೇರಿತ್ತು. ಆದರೆ ಯಾವ ಕಾರಣಕ್ಕೆ ಸೇರಬೇಕೆಂದು ವ್ಯಾಪಾರಿ ಬಯಸಿದ್ದನೋ ಆ ಕಾರಣಕ್ಕೆ ಸೇರಿರಲಿಲ್ಲ. ಇಷ್ಟೇ ತಪ್ಪು.

ಇದನ್ನು ಕಣ್ಣಾರೆ ಕಂಡವನು ನಾನು. ನಡುವೆ ಬಾಯಿ ಹಾಕಿದವನೂ ನಾನೇ. (ಕಾಲೇಜಿನ ಡಿಬೇಟಿಂಗ್ ಸಂಘದಲ್ಲಿ ಬೆಳೆದವನಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಯಾರೂ ಕಲಿಸಿರುವುದಿಲ್ಲ.)

ಮೊದಲು ಸರಕು ಏನೆಂದು ಹೇಳಿಬಿಡುತ್ತೇನೆ. ಅದು ದೋಣಿಗೆ ಹಾಕುವ ಮೋಟಾರು. ಕಾರಿನ ಇಂಜಿನ್ನಿನ ಹಾಗೆ ಒಳಗೆ ಕೂರುವುದಲ್ಲ. ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸಿ, ತಿರುಪು ಬಿಗಿದು, ಹಗ್ಗ ಸುತ್ತಿ ಜಗ್ಗಿದರೆ ಭರ್ರೆನ್ನುತ್ತದೆ. ಕೆಳಗೆ ನೀರಿನಲ್ಲಿ ಪುಟ್ಟ ಪಂಖವೊಂದು ತಿರುಗಿ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ, ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಹೋಗಬಹುದು. ಅಮೆರಿಕದ ಸರಕು. ಮುಂಬಯಿಯ ಕಂಪನಿಯೊಂದು ತರಿಸುತ್ತದೆ.

ಅದರ ಕ್ಯಾಟಲಾಗಿನ ಮುಖಪುಟ ನೋಡಬೇಕು ನೀವು. ಬಿಳಿ ಚಣ್ಣ ತೊಟ್ಟ ಒಬ್ಬ ಸಾಹೇಬ, ಪಕ್ಕದಲ್ಲಿ ಛತ್ರಿ ಹಿಡಿದ ಮೇಡಂ. ಎಲ್ಲಿಗೆ ಹೊರಟಿದ್ದಾರೆ? ಎಲ್ಲಿಗೂ ಇಲ್ಲ. ಸುಮ್ಮನೆ ಹೋಗುತ್ತಾರೆ, ಸುಮ್ಮನೆ ಬರುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ರಿಕ್ರಿಯೇಷನ್ ಎಂದು ಹೆಸರು.

ಈ ಮೋಟಾರಿನ ಏಜೆನ್ಸಿ ಹಿಡಿಯಲು ಹೊರಟವನು ನನ್ನ ಈರಪ್ಪ ಕಾಕಾ, ಅಪ್ಪನ ತಮ್ಮ. ಗೋಕಾಕದ ಪೇಟೆಯಲ್ಲಿ ನಮ್ಮದು ಅಡತಿ ಅಂಗಡಿ. ರೈತರು ತಂದ ಮಾಲನ್ನು ಮಾರಿಸಿಕೊಟ್ಟು ದಲಾಲಿ ತೆಗೆದುಕೊಳ್ಳುವ ಉದ್ಯೋಗ. ಅಪ್ಪ ಗಾದಿಯ ನಡುವೆ ಕೂರುತ್ತಾರೆ. ಕಾಕಾ ತುದಿಯಲ್ಲಿ ಕೂರುತ್ತಾನೆ. ಯಾರೇ ಬರಲಿ, ಕಾಕಾನನ್ನು ನೋಡಿ ಮೊದಲು ಕೇಳುವುದು ‘ಅಣ್ಣಾರ ಎಲ್ಲ್ಯಾರ್ರಿ?’ ಎಂದೇ. ಮೀಸೆ ಬೆಳ್ಳಗಾದ ಮೇಲೂ ಅವನು ಊರಿಗೆಲ್ಲ ‘ತಮ್ಮ’. ಅಪ್ಪ ಕೆಟ್ಟವರಲ್ಲ. ಕಾಕಾನಿಗೆ ಉಣ್ಣಲು ಉಡಲು ಕೊರತೆ ಮಾಡಿದವರೂ ಅಲ್ಲ. ಆದರೆ ಗಾದಿಯ ತುದಿ ತುದಿಯೇ ತಾನೇ?

ಏಜೆನ್ಸಿ ಸಿಕ್ಕರೆ ಕಾಕಾನಿಗೆ ಬೇರೆ ಅಂಗಡಿ, ಬೇರೆ ಗಾದಿ, ತನ್ನ ಹೆಸರಿನದೇ ಒಂದು ಬೋರ್ಡು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಮೋಟಾರಿನ ಬದಲು ಯಾರಾದರೂ ಆನೆಯ ಏಜೆನ್ಸಿ ಕೊಟ್ಟಿದ್ದರೂ ಹಿಡಿಯುತ್ತಿದ್ದ.

ಅವನಿಗೆ ಮುಂಬಯಿ ಕಂಪನಿಯ ಮನುಷ್ಯ ಭೇಟಿಯಾದದ್ದು ಬೆಳಗಾವಿಯಲ್ಲಿ. ರೇವಣಕರ ಎಂದು ಹೆಸರು. ಕಾರವಾರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ.

‘ನಿಮ್ಮ ಕಡೆ ಬೋಟ್ ಇವೆಯೇ?’ ಎಂದು ಅವರು ಕೇಳಿದರಂತೆ.

‘ಏನ್ ಕೇಳ್ತೀರಿ ಸಾಹೇಬ್ರ? ಹೊಳಿದಂಡಿ ಊರಿಗೆ ಒಂದೊಂದ್ ಬೋಟ್ ಅದಾವ’ ಎಂದನಂತೆ ಕಾಕಾ.

ಇದು ಸುಳ್ಳೇ? ಅಲ್ಲ. ಕಾಕಾ ಓದಿದ ಸಾಲೆಯ ಇಂಗ್ಲಿಷಿನಲ್ಲಿ ಮಂದಿಯನ್ನು ನೀರು ದಾಟಿಸುವುದಕ್ಕೆಲ್ಲ ಬೋಟ್ ಎಂದೇ ಹೆಸರು. ಸಮುದ್ರದ ದಂಡೆಯಲ್ಲಿ ಹುಟ್ಟಿದ ರೇವಣಕರರ ಕಣ್ಣಿಗೆ ಕಂಡದ್ದು ಚೂಪು ಮೂತಿಯ ಮರದ ದೋಣಿ. ಕಾಕಾನ ಕಣ್ಣಿಗೆ ಕಂಡದ್ದು ನಮ್ಮ ಹರಿಗೋಲು: ಬಿದಿರಿನ ದೊಡ್ಡ ಬುಟ್ಟಿ, ಕೆಳಗೆ ತೊಗಲಿನ ಹೊದಿಕೆ, ಆಕಾರ ತಾಟಿನ ಹಾಗೆ ದುಂಡಗೆ. ಇಬ್ಬರೂ ಒಂದೇ ಶಬ್ದ ಆಡಿದರು, ಕೈ ಕುಲುಕಿದರು, ಚಹಾ ಕುಡಿದರು.

ಡಿಬೇಟಿನಲ್ಲಿ ನಮಗೆ ಮೊದಲು ಕಲಿಸುವುದು ಇದನ್ನೇ. ವಾದಕ್ಕೆ ಇಳಿಯುವ ಮುಂಚೆ ಶಬ್ದದ ಅರ್ಥ ಗೊತ್ತು ಮಾಡಿಕೋ. ವ್ಯಾಪಾರದಲ್ಲಿ ಹಾಗೆ ಮಾಡಿದರೆ ಅರ್ಧ ವ್ಯಾಪಾರ ಆಗುವುದೇ ಇಲ್ಲ ಎಂದು ಕಾಣುತ್ತದೆ.

ರೇವಣಕರರ ಶರ್ತ ಒಂದೇ. ತಾವು ಬಂದು ಮೋಟಾರು ಓಡಿಸಿ ತೋರಿಸುತ್ತೇವೆ. ಅಂದು ಒಂದು ಆರ್ಡರು ಬಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಗೆ ಈರಪ್ಪನೇ ಏಜೆಂಟ್. ಬರದಿದ್ದರೆ ಕಂಪನಿಗೆ ಈ ಕಡೆ ಮಾರ್ಕೆಟ್ ಇಲ್ಲ.

‘ಅಲ್ಲೋ ಕಾಕಾ, ಮೂಡಲಗ್ಯಾಗ ಹೊಳಿ ಎಲ್ಲೈತಿ?’ ಎಂದು ಕೇಳಿದೆ.

‘ಹೊಳಿ ಇಲ್ಲ. ಆಸೆ ಐತಿ’ ಎಂದ.

‘ಹುಕ್ಕೇರ್ಯಾಗ?’

‘ಭಾವಿ ಅದಾವ.’

‘ಭಾವ್ಯಾಗ ಮೋಟಾರ್ ಬಿಡ್ತೀ ಏನ?’

‘ಲೇ ವಕೀಲಾ, ನಿನ್ನ ಹಂತಾವ್ರ ಮಾತ ಕೇಳಿದ್ರ ಬ್ರಹ್ಮದೇವ ಈ ಜಗತ್ತ ಸುರು ಮಾಡ್ತಿದ್ದಿಲ್ಲ.’ (ನಾನಿನ್ನೂ ವಕೀಲನಾಗಿಲ್ಲ. ಪರೀಕ್ಷೆಗೆ ಓದುತ್ತಿದ್ದೇನೆ. ಕಾಕಾನ ಬಾಯಲ್ಲಿ ಅದು ಬಿರುದೋ ಬೈಗುಳವೋ ಇನ್ನೂ ತೀರ್ಮಾನವಾಗಿಲ್ಲ.)

ಡೆಮಾನ್‌ಸ್ಟ್ರೇಷನ್ನಿಗೆ ಘೋಡಗೇರಿ ಗೊತ್ತಾಯಿತು. ದೀಪಾವಳಿಯ ಹಿಂದು ಮುಂದಿನ ದಿನಗಳಲ್ಲಿ ಅಲ್ಲಿ ಹೊಳೆ ತುಂಬಿರುತ್ತದೆ, ಆದರೆ ಸೆಳವು ಇರುವುದಿಲ್ಲ. ಸಾಲದ್ದಕ್ಕೆ ಊರ ಗೌಡರು ಕಾಕಾನ ಗುರುತಿನವರು. ರೇವಣಕರರು ಬಾಡಿಗೆ ಕಾರಿನಲ್ಲಿ ಗೋಕಾಕಕ್ಕೆ ಬಂದು ನಮ್ಮಿಬ್ಬರನ್ನೂ ಹತ್ತಿಸಿಕೊಂಡರು. ಮೋಟಾರು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ನನ್ನ ಕಾಲ ಬಳಿ ಮಲಗಿತ್ತು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ.

‘ಇಲ್ಲಿ ಇದಕ್ಕೆ ಮಾರ್ಕೆಟ್ ಇಲ್ಲ. ದಂಡಿ ಮುಟ್ಟುವ ಕೆಲಸ ಇದ್ದವನಿಗೆ ರೊಕ್ಕ ಇಲ್ಲ. ರೊಕ್ಕ ಇದ್ದವನಿಗೆ ಹೊಳೆಯಲ್ಲಿ ಕೆಲಸ ಇಲ್ಲ’ ಎಂದೆ.

‘ಸೈಕಲ್ ಬಂದಾಗಲೂ ಹೀಗೇ ಹೇಳಿದರು’ ಎಂದರು ರೇವಣಕರರು.

‘ಸೈಕಲ್ ಒಂದು ಊರಿಂದ ಇನ್ನೊಂದು ಊರಿಗೆ ಒಯ್ಯುತ್ತದೆ.’

‘ಗ್ರಾಮಫೋನ್ ಎಲ್ಲಿಗೆ ಒಯ್ಯುತ್ತದೆ?’

ಒಪ್ಪಲೇಬೇಕು. ಮನುಷ್ಯನಿಗೆ ವಾದ ಬರುತ್ತಿತ್ತು. ಕಾಕಾ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ನಕ್ಕ.

ಹೊಳೆದಂಡೆಗೆ ಹೋದರೆ ಊರಿಗೆ ಊರೇ ನೆರೆದಿತ್ತು. ಗೌಡರು ಎರಡು ಕುರ್ಚಿ ಹಾಕಿಸಿದ್ದರು. ಅವರ ಪಕ್ಕದಲ್ಲಿ ಅವರ ತಾಯಿ, ಹಿರೇಗೌಡತಿ, ಕಂಬಳಿ ಹಾಸಿಕೊಂಡು ಕೂತಿದ್ದರು. ನೀರಿನ ಅಂಚಿನಲ್ಲಿ ಅಂಬಿಗರ ಸಿದ್ದಪ್ಪ ಹೊಸ ರುಮಾಲು ಸುತ್ತಿಕೊಂಡು, ಮದುವೆ ಗಂಡಿನ ಹಾಗೆ ನಿಂತಿದ್ದ. ಪಕ್ಕದಲ್ಲಿ ಅವನ ಹರಿಗೋಲು.

‘ಬೋಟ್ ಎಲ್ಲಿ?’ ರೇವಣಕರರು ಕೇಳಿದರು.

‘ಇದ ನೋಡ್ರಿ.’

‘ಇದು ಬುಟ್ಟಿ.’

‘ಬುಟ್ಟಿ ಅಲ್ಲರಿ, ಹರಗೋಲ. ನೀರಾಗ ಹಾಕಿದ್ರ ಬೋಟ್’ ಎಂದ ಕಾಕಾ.

ರೇವಣಕರರು ಹರಿಗೋಲಿನ ಸುತ್ತ ನಡೆದರು. ಮತ್ತೆ ಹಿಮ್ಮುಖವಾಗಿ ನಡೆದರು. ಆಮೇಲೆ ಬಹಳ ಮೆತ್ತಗೆ ಕೇಳಿದರು: ‘ಇದರ ಮುಂಭಾಗ ಯಾವುದು?’

ಸಿದ್ದಪ್ಪ ಗಂಭೀರವಾಗಿ ಹೇಳಿದ: ‘ನಾ ಯಾಕಡೆ ಮಾರಿ ಮಾಡಿ ಕುಂಡರ್ತೇನಿ, ಅದ ಮುಂದರಿ.’

ಅಲ್ಲೇ ಗೋಣಿತಟ್ಟು ಕಟ್ಟಿಕೊಂಡು ವಾಪಸಾಗಿದ್ದರೆ ಈ ಅಂಕಣವೂ ಇರುತ್ತಿರಲಿಲ್ಲ. ಆದರೆ ಕುರ್ಚಿ ಹಾಕಿದೆ. ಚಹಾ ಬಂದಿದೆ. ಊರು ನೋಡುತ್ತಿದೆ. ಓದಿದ ಮನುಷ್ಯ ತನ್ನ ಬುದ್ಧಿಗೆ ವಿರುದ್ಧವಾಗಿ ಮಾಡುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಹೀಗೆ ಕುರ್ಚಿ ಹಾಕಿಸಿಕೊಂಡ ಮೇಲೆಯೇ ಮಾಡುವುದು.

ಹರಿಗೋಲಿನ ಅಂಚಿಗೆ ಒಂದು ಹಲಗೆ ಕಟ್ಟುವುದೆಂದು ಠರಾವಾಯಿತು. ಕಟ್ಟುವ ಹೊತ್ತಿನಲ್ಲಿ ರೇವಣಕರರು ಸಿದ್ದಪ್ಪನನ್ನು ಹುರಿದುಂಬಿಸಲು ನೋಡಿದರು.

‘ಮೋಟಾರು ಬಂದರೆ ನೀನು ದಿನಕ್ಕೆ ಈಗಿನ ಐದು ಪಟ್ಟು ಸಲ ಹೊಳೆ ದಾಟಬಹುದಪ್ಪ.’

ಸಿದ್ದಪ್ಪನ ಮುಖ ಇಳಿಯಿತು. ‘ಐದ ಪಟ್ಟ? ಯಾಕ್ರಿ, ನಾ ಏನ್ ತಪ್ಪ ಮಾಡೇನಿ?’

ರೇವಣಕರರಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಬೇಕಾಯಿತು. ಇಲ್ಲಿ ಅಂಬಿಗನಿಗೆ ಸಲಕ್ಕೆ ಇಷ್ಟು ಎಂದು ಯಾರೂ ಕೊಡುವುದಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯವರು ಕಣದಲ್ಲೇ ಅವನ ಪಾಲಿನ ಜೋಳ ಅಳೆದು ಕೊಡುತ್ತಾರೆ. ಅದಕ್ಕೆ ಆಯ ಎನ್ನುತ್ತಾರೆ. ಬಡಿಗ, ಕಮ್ಮಾರರಿಗೆ ಕೊಡುವ ಹಾಗೆಯೇ. ಒಮ್ಮೆ ಆಯ ಕೊಟ್ಟರೆ ವರ್ಷವಿಡೀ ಎಷ್ಟು ಸಲವಾದರೂ ದಾಟಬಹುದು. ಹೆಚ್ಚು ದಾಟಿಸಿದರೆ ಸಿದ್ದಪ್ಪನಿಗೆ ಬರುವುದು ಹೆಚ್ಚು ಬೆನ್ನುನೋವು ಮಾತ್ರ.

‘ಇದು ಎಂಥ ಪದ್ಧತಿ?’ ಎಂದರು ರೇವಣಕರರು.

‘ಬಹಳ ಹಳೆಯದು’ ಎಂದೆ. (ಇದು ಉತ್ತರವಲ್ಲ, ಗೊತ್ತು. ಆದರೆ ನಮ್ಮ ದೇಶದಲ್ಲಿ ಇದೇ ನಡೆಯುತ್ತದೆ.)

ಮೋಟಾರು ಕಚ್ಚಿಸಿದ್ದಾಯಿತು. ಭಾರಕ್ಕೆ ಹರಿಗೋಲು ಒಂದು ಕಡೆ ವಾಲಿತು. ಎದುರಿಗೆ ಜೋಳದ ಚೀಲ ಇಟ್ಟು ಸಮ ಮಾಡಿದರು. ರೇವಣಕರರು, ಕಾಕಾ, ಸಿದ್ದಪ್ಪ ಮೂವರೂ ಹತ್ತಿದರು. ಸಿದ್ದಪ್ಪ ಹುಟ್ಟು ಹಾಕಿ ನಡುನೀರಿಗೆ ತಂದ. ರೇವಣಕರರು ಹಗ್ಗ ಜಗ್ಗಿದರು. ಭರ್ರ್!

ಹರಿಗೋಲು ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೂ ಹೋಗಲಿಲ್ಲ. ನಿಂತಲ್ಲೇ ಗರಗರ ತಿರುಗತೊಡಗಿತು.

ನಮಗೆ ದಂಡೆಯಿಂದ ಕಾಣುತ್ತಿದ್ದದ್ದು ಹೀಗೆ: ರೇವಣಕರರ ಮುಖ, ಕಾಕಾನ ಮುಖ, ಸಿದ್ದಪ್ಪನ ರುಮಾಲು, ಮತ್ತೆ ರೇವಣಕರರ ಮುಖ. ಅಷ್ಟರಲ್ಲಿ ಅವರ ಹ್ಯಾಟು ಹಾರಿ ನೀರಿಗೆ ಬಿದ್ದು, ಅದು ಮಾತ್ರ ನೆಟ್ಟಗೆ ಒಂದು ದಿಕ್ಕಿಗೆ ಪ್ರಯಾಣ ಮಾಡಿತು.

ಊರು ನಕ್ಕಿತು ನೋಡಿ! ದಂಡೆಯ ಎತ್ತುಗಳು ಬೆದರಿ ಕಣ್ಣಿ ಹರಿದುಕೊಳ್ಳುವಂತೆ ನಕ್ಕಿತು.

ಮೋಟಾರು ಬಂದ್ ಮಾಡಿ ದಂಡೆಗೆ ಬಂದಾಗ ರೇವಣಕರರು ಬೆಳ್ಳಗಾಗಿದ್ದರು. ಕಾಕಾ ಇಳಿದವನೇ ಮರಳ ಮೇಲೆ ಕೂತುಬಿಟ್ಟ. ತಲೆ ತಿರುಗಿದ್ದಕ್ಕಲ್ಲ. ಅವನ ಬೇರೆ ಗಾದಿ, ಅವನ ಬೋರ್ಡು, ಎಲ್ಲ ಆ ಸುಳಿಯಲ್ಲೇ ಮುಳುಗಿದ್ದವು.

ಆಗ ಹಿರೇಗೌಡತಿ ಕಂಬಳಿಯಿಂದ ಎದ್ದರು.

‘ಈರಪ್ಪಾ, ನನ್ನೂ ಒಂದ ಸರ್ತಿ ಕುಂಡರ್ಸೋ.’

‘ಯವ್ವಾ, ಬ್ಯಾಡವಾ, ಬಿದ್ದೀ!’ ಎಂದರು ಗೌಡರು.

‘ಬಿದ್ರ ನೀರಾಗ ಬೀಳ್ತೇನಿ, ನಿನ್ನ ಮ್ಯಾಲೇನ ಬೀಳೂದಿಲ್ಲ. ಸರಿ ಅತ್ತಾಗ.’

ಕಾಕಾನಿಗೆ ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಕೂರಿಸಿದ. ರೇವಣಕರರು ಹೇಗೆ ಜಗ್ಗಿದ್ದರೋ ಹಾಗೆಯೇ ಹಗ್ಗ ಜಗ್ಗಿದ. ಆ ಮುದುಕಿ ಆ ಹೊಳೆಯನ್ನು ಎಷ್ಟು ಸಲ ದಾಟಿದ್ದಾರೋ ದೇವರೇ ಬಲ್ಲ. ಮಗಳ ಬಾಣಂತನಕ್ಕೆ, ಬೀಗರ ಮದುವೆಗೆ, ತವರಿನ ಸಾವಿಗೆ. ಪ್ರತಿ ಸಲವೂ ಆಚೆ ದಂಡೆಯಲ್ಲಿ ಒಂದು ಕೆಲಸ ಕಾದಿರುತ್ತಿತ್ತು. ಅಂದು ಆಚೆ ದಂಡೆಯಲ್ಲಿ ಏನೂ ಇರಲಿಲ್ಲ. ಸೆರಗು ಜಾರಿದ್ದು ತಿಳಿಯದೆ, ಬೊಚ್ಚು ಬಾಯಿ ತೆರೆದು, ‘ಇನ್ನೊಂದ್ ಸುತ್ತ ಹೊಡಸೋ ಈರಪ್ಪಾ, ಇನ್ನೊಂದ್ ಸುತ್ತ!’ ಎಂದು ಕೂಗುತ್ತಿದ್ದರು.

ಮುದುಕಿ ಇಳಿದದ್ದೇ ತಡ, ಗೌಡರು ಕಾಕಾನ ಬಳಿ ಬಂದರು.

‘ಈರಪ್ಪಣ್ಣಾ, ಇದನ್ನ ಇಲ್ಲೇ ಬಿಟ್ಟ ಹೋಗ್ರಿ. ಏನ್ ಕಿಮ್ಮತ್ತ ಅದನ್ನ ಕೊಡೂಣು. ಅವ್ವ ಇಷ್ಟ ನಕ್ಕಿದ್ದು ನಾ ಕಂಡೇ ಇಲ್ಲ.’

ಕಾಕಾ ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಬಣ್ಣಿಸುವುದಿಲ್ಲ. ಗಾದಿಯ ತುದಿಯಲ್ಲಿ ಅಷ್ಟು ಕಾಲ ಕೂತವನಿಗೆ ಮಾತ್ರ ಬರುವ ನೋಟ ಅದು.

‘ಸಾಹೇಬ್ರ, ಆರ್ಡರ್ ಬಂತು!’ ಎಂದ.

ರೇವಣಕರರು ಒದ್ದೆ ಹ್ಯಾಟನ್ನು ಹಿಂಡುತ್ತಿದ್ದರು. (ಯಾರೋ ಈಜಿ ತಂದುಕೊಟ್ಟಿದ್ದರು.) ‘ಇದು ಆರ್ಡರ್ ಅಲ್ಲ. ತಮಾಷೆ’ ಎಂದರು. ಗೌಡರ ಕಡೆ ತಿರುಗಿ, ‘ಕ್ಷಮಿಸಿ, ನಿಮಗೆ ಕೊಡುವುದಿಲ್ಲ’ ಎಂದರು.

‘ಒಂದ ಆರ್ಡರ್ ಅಂದಿದ್ರಿ. ಎಂಥಾ ಆರ್ಡರ್ ಅಂದಿದ್ದಿಲ್ಲ’ ಎಂದ ಕಾಕಾ.

‘ಕಂಪನಿಗೆ ಒಂದು ಮರ್ಯಾದೆ ಇದೆ. ಇದು ಬುಟ್ಟಿ ತಿರುಗಿಸುವ ಯಂತ್ರವಲ್ಲ.’

ಇಲ್ಲಿ ನಾನು ಬಾಯಿ ಹಾಕಿದೆ. ‘ಗ್ರಾಮಫೋನ್ ಕೊಂಡವನು ಅದರ ಮೇಲೆ ಹಪ್ಪಳ ಒಣಗಿಸಿದರೆ ಕಂಪನಿ ವಾಪಸ್ ಕೇಳುತ್ತದೆಯೇ?’

‘ಅದು ಬೇರೆ.’

‘ಹೇಗೆ ಬೇರೆ? ನಿಮ್ಮ ಕ್ಯಾಟಲಾಗಿನ ಸಾಹೇಬ ಎಲ್ಲಿಗೆ ಹೋಗುತ್ತಾನೆ?’

‘ಎಲ್ಲಿಗೂ ಇಲ್ಲ. ರಿಕ್ರಿಯೇಷನ್.’

‘ಹಿರೇಗೌಡತಿ ಎಲ್ಲಿಗೆ ಹೋದರು?’

‘ಎಲ್ಲಿಗೂ ಇಲ್ಲ.’

‘ಹಾಗಾದರೆ ಭೇದ ಏನು?’

ರೇವಣಕರರು ಯೋಚಿಸಿದರು. ‘ಸಾಹೇಬ ನೆಟ್ಟಗೆ ಹೋಗುತ್ತಾನೆ’ ಎಂದರು.

ನಾನು ಬಿಡಲಿಲ್ಲ. ನೆಟ್ಟಗೆ ಎಲ್ಲಿಗೂ ಹೋಗದಿರುವುದು, ಸುತ್ತಿ ಎಲ್ಲಿಗೂ ಹೋಗದಿರುವುದಕ್ಕಿಂತ ಯಾವ ನ್ಯಾಯದಲ್ಲಿ ಮೇಲು? ಸಂತೋಷಕ್ಕೂ ಒಂದು ಮುಂಭಾಗ ಇರಬೇಕೇ? ದುಡ್ಡು ಕೊಟ್ಟವನು ಹೇಗೆ ಸುಖಪಡಬೇಕೆಂದು ಮಾರುವವನು ಹೇಳಿಕೊಡಬೇಕೇ? ಅವರು ಒಂದು ಹೇಳಿದರು, ನಾನು ಎರಡು ಹೇಳಿದೆ. ಕಾಕಾ ಕೈ ಜೋಡಿಸಿಕೊಂಡು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ಕೊನೆಗೆ ರೇವಣಕರರು ಹ್ಯಾಟನ್ನು ಕುರ್ಚಿಯ ಮೇಲಿಟ್ಟು, ‘ಆಯಿತು, ತೆಗೆದುಕೊಳ್ಳಲಿ. ಏಜೆನ್ಸಿ ನಿಮ್ಮದು’ ಎಂದರು.

ಸಂಘದಲ್ಲಿ ಗೆದ್ದ ಯಾವ ಡಿಬೇಟಿನಲ್ಲೂ ನನಗೆ ಅಷ್ಟು ಹಿತವಾಗಿರಲಿಲ್ಲ. ಮೂವರೂ ಗೌಡರ ಕಡೆ ತಿರುಗಿದೆವು.

ಗೌಡರು ಅಲ್ಲಿರಲಿಲ್ಲ. ನೀರಿನ ಅಂಚಿಗೆ ಹೋಗಿದ್ದರು. ಊರೂ ಅಲ್ಲೇ ಇತ್ತು. ಮೋಟಾರು ಬಿಚ್ಚಿಸಿಕೊಂಡು ಮರಳ ಮೇಲೆ ಒಂದೇ ಬಿದ್ದಿತ್ತು.

ಏನಾಗಿತ್ತೆಂದರೆ, ಸಿದ್ದಪ್ಪನಿಗೆ ಸಿಟ್ಟು ಬಂದಿತ್ತು. ತನ್ನ ಹರಿಗೋಲಿನಲ್ಲಿ ಕೂತು ಹಿರೇಗೌಡತಿ ನಕ್ಕರು. ಹೆಸರು ಮಾತ್ರ ಮೋಟಾರಿಗೆ! ನಾವು ವಾದ ಮಾಡುತ್ತಿದ್ದಾಗ ಅವನು ತಿರುಪು ಸಡಿಲಿಸಿ ಮೋಟಾರನ್ನು ಕೆಳಗಿಳಿಸಿದ್ದ. ಮುದುಕಿಯನ್ನು ಮತ್ತೆ ಕೂರಿಸಿಕೊಂಡು, ಹುಟ್ಟನ್ನು ನೀರಿಗೆ ಓರೆಯಾಗಿ ಕೊಟ್ಟು, ಬುಗುರಿ ಬಿಟ್ಟ ಹಾಗೆ ತಿರುಗಿಸುತ್ತಿದ್ದ.

‘ಯಾವ್ದ ಛಲೋ ಐತಿ ಯವ್ವಾ, ಹೇಳ!’

‘ಇದ ಛಲೋ ಐತೋ. ಗಾಸಲೇಟ ಎಣ್ಣಿ ವಾಸನಿ ಇಲ್ಲ, ಸಪ್ಪಳ ಇಲ್ಲ. ಹೊಡಿ ಇನ್ನೊಂದ!’

ಕಾಕಾ ಓಡಿ ಹೋಗಿ, ‘ಗೌಡ್ರ, ಸಾಹೇಬ್ರ ಕೊಡ್ತೇನಿ ಅಂದ್ರು!’ ಎಂದ.

ಗೌಡರು ನೀರಿನಿಂದ ಕಣ್ಣು ತೆಗೆಯದೆ ಹೇಳಿದರು: ‘ಇರಲಿ ಬಿಡ್ರಿ ಈರಪ್ಪಣ್ಣಾ. ಸಿದ್ದಪ್ಪ ತಿರಗಸ್ತಾನಲಾ. ಅದೂ ಆಯದಾಗ ಬಂತು.’

ನನಗೆ ತಡೆಯಲಾಗಲಿಲ್ಲ. ಹರಿಗೋಲು ದಂಡೆಗೆ ಬಂದ ಮೇಲೆ ಸಿದ್ದಪ್ಪನನ್ನು ಕೇಳಿದೆ: ‘ಇಷ್ಟ ವರ್ಷ ಯಾಕ ತಿರಗಸಲಿಲ್ಲೋ?’

‘ಯಾರ್ ಕೇಳ್ಯಾರ್ರಿ?’ ಎಂದ ಅವನು.

ಇದನ್ನು ಸ್ವಲ್ಪ ಗಮನಿಸಿ. ರೇವಣಕರರು ಸೋತದ್ದು ಮಂದಿಗೆ ಮೋಜಿನ ರುಚಿ ಇಲ್ಲದ್ದಕ್ಕಲ್ಲ. ಆ ರುಚಿಯನ್ನು ಹಚ್ಚಿದವರು ಅವರೇ. ಅಮೆರಿಕದಿಂದ ಹಡಗಿನಲ್ಲಿ ತರಿಸಿ, ಬಾಡಿಗೆ ಕಾರಿನಲ್ಲಿ ತಂದು ಹಚ್ಚಿದರು. ಹಚ್ಚಿದ ಮೇಲೆ ನೋಡಿದರೆ ಅದು ಊರಲ್ಲೇ ಇತ್ತು, ಪುಕ್ಕಟೆಯಾಗಿ. ಬೇಡಿಕೆ ಅವರು ಹುಟ್ಟಿಸಿದರು, ಗಿರಾಕಿ ಸಿದ್ದಪ್ಪನಿಗೆ ಹೋದ. ಆ ಸಿದ್ದಪ್ಪನಿಗಾದರೂ ಇದರಿಂದ ಒಂದು ಕಾಳು ಹೆಚ್ಚು ಬಂತೇ? ಬರಲಿಲ್ಲ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇಂಥ ವ್ಯಾಪಾರಕ್ಕೆ ಅಧ್ಯಾಯವೇ ಇಲ್ಲ.

‘ಈ ಭಾಗಕ್ಕೆ ಇನ್ನೂ ಕಾಲ ಬಂದಿಲ್ಲ’ ಎಂದರು ರೇವಣಕರರು. ಗೋಣಿತಟ್ಟು ಕಟ್ಟಿಕೊಂಡು, ಹತ್ತರಗಿಯ ಮೇಲೆ ಹಾಯ್ದು ಪುಣೆಯ ರಸ್ತೆ ಹಿಡಿದರು. ನಾವು ಗೌಡರ ಚಕ್ಕಡಿಯಲ್ಲಿ ಗೋಕಾಕದ ಕಡೆ ಹೊರಟೆವು.

ಕಾಕಾ ಬೈಯುತ್ತಾನೆಂದು ಕಾಯುತ್ತಿದ್ದೆ. ನಾನು ಅಷ್ಟು ಹೊತ್ತು ವಾದ ಮಾಡದೆ ಇದ್ದಿದ್ದರೆ ಸಿದ್ದಪ್ಪನಿಗೆ ಮೋಟಾರು ಬಿಚ್ಚಲು ಪುರುಸೊತ್ತು ಸಿಗುತ್ತಿರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ಅವನು ಬೈಯಲಿಲ್ಲ. ಬೇರೆಯೇ ಒಂದು ಮಾತು ಕೇಳಿದ.

‘ಲೇ ವಕೀಲಾ, ಆ ಹೊಳಿ ದಾಟಸೂ ಹಕ್ಕ ಸಿದ್ದಪ್ಪಗ ಯಾರ್ ಕೊಟ್ಟಾರ?’

‘ಯಾರೂ ಕೊಟ್ಟಿಲ್ಲ. ಅವರ ಅಜ್ಜ ಮುತ್ತ್ಯಾನ ಕಾಲದಿಂದ ನಡಕೋಂತ ಬಂದೈತಿ.’

‘ಹಂಗಂದ್ರ ಸರಕಾರದವ್ರ ಅದನ್ನ ಲಿಲಾವ ಮಾಡಬಹುದು?’

ಬೇರೆ ಎಷ್ಟೋ ಕಡೆ ಹೊಳೆ ದಾಟಿಸುವ ಹಕ್ಕನ್ನು ಸರಕಾರ ಲಿಲಾವಿಗೆ ಹಾಕುತ್ತದೆ. ಹೆಚ್ಚು ಕೂಗಿದವನಿಗೆ ಹಕ್ಕು. ದಾಟುವವರು ಸಲಕ್ಕೆ ಇಷ್ಟೆಂದು ಕೊಡಬೇಕು. ಕಾನೂನಿನ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಲ್ಲ. ‘ಅರ್ಜಿ ಹಾಕಿದ್ರ ಮಾಡಬಹುದು’ ಎಂದೆ.

‘ಲಿಲಾವ ಹಿಡದಾಂವ ದಾಟಾಕ ರೊಕ್ಕ ತಗೋಬಹುದು?’

‘ಹೌದು.’

‘ತಿರಗಾಕೂ?’

‘ಅದಕ್ಕೂ.’

‘ಆವಾಗ ಹಿರೇಗೌಡತಿ ಪುಕಟ್ಟ ತಿರಗಾಕ ಬರೂದಿಲ್ಲ’ ಎಂದ ಕಾಕಾ. ಸಿಟ್ಟಿನಿಂದಲ್ಲ. ಲೆಕ್ಕ ಕೂಡಿಸುವವನ ದನಿಯಲ್ಲಿ.

ನನ್ನ ಕಾಕಾ ಯಾರ ಅನ್ನಕ್ಕೂ ಕಲ್ಲು ಹಾಕಿದವನಲ್ಲ. ಸಿದ್ದಪ್ಪನ ಮೇಲೆ ಅವನಿಗೆ ದ್ವೇಷವೂ ಇಲ್ಲ. ಬರುವಾಗ ತನ್ನ ಎಲೆಅಡಿಕೆಯ ಚೀಲ ಬಿಚ್ಚಿ ಅವನಿಗೆ ಕೊಟ್ಟೇ ಬಂದ. ಅವನಿಗೆ ತನ್ನದೊಂದು ಗಾದಿ ಬೇಕು, ಅಷ್ಟೇ. ನಿನ್ನೆ ಅಪ್ಪ ಊಟಕ್ಕೆ ಎದ್ದು ಹೋದ ಮೇಲೆ ನನ್ನ ಪಕ್ಕಕ್ಕೆ ಸರಿದು ಕೂತು, ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದ. ನಾನು ಇನ್ನೂ ಹ್ಞೂಂ ಎಂದಿಲ್ಲ, ಊಹ್ಞೂಂ ಎಂದೂ ಇಲ್ಲ.

ಪುಕ್ಕಟೆ ಸಿಗುವುದನ್ನು ಮೊದಲು ಬಂದ್ ಮಾಡಿಸದೆ ಯಾವ ಮಾರ್ಕೆಟ್ಟಾದರೂ ಹುಟ್ಟಿದ್ದುಂಟೇ?